ವಿದೇಶದಲ್ಲಿ ಪಡೆದ ವಿವಾಹ ವಿಚ್ಛೇದನ: ಭಾರತದಲ್ಲಿ ಅದರ ಮಾನ್ಯತೆ

ಉದ್ಯೋಗ ಹಾಗೂ ವ್ಯಾಸಂಗದ ನಿಮಿತ್ತ ಪರದೇಶಗಳಲ್ಲಿ ನೆಲೆಸುವ ಭಾರತೀಯರು ಸಾಮಾನ್ಯವಾಗಿ ಸ್ವದೇಶಕ್ಕೆ ಬಂದು, ಬಂಧುಬಳಗದ ಸಮ್ಮುಖದಲ್ಲಿ, ತಮ್ಮ ಧರ್ಮದ ವಿಧಿಗಳಿಗೆ ಅನುಸಾರವಾಗಿ ವಿವಾಹವಾಗುತ್ತಾರೆ. ಇಂತಹ ದಾಂಪತ್ಯದಲ್ಲಿ ವಿರಸ ಉಂಟಾದಾಗ ವಿಚ್ಛೇದನದ ಅರ್ಜಿ ಅನೇಕ ವೇಳೆ ವಿದೇಶದ ನ್ಯಾಯಾಲಯದಲ್ಲಿ ದಾಖಲಾಗುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಕೆಲವೇ ತಿಂಗಳುಗಳಲ್ಲಿ ಡಿಕ್ರಿಯೂ ದೊರೆಯುತ್ತದೆ. ಆ ಡಿಕ್ರಿಯನ್ನು ಪಡೆದ ವ್ಯಕ್ತಿ ತಾನು ವಿವಾಹಬಂಧನದಿಂದ ಮುಕ್ತನಾದೆನೆಂದು ಭಾವಿಸುವುದು ಸಹಜ. ಆದರೆ ಒಂದು ದೇಶದಲ್ಲಿ ಮುಗಿದುಹೋದ ವಿವಾಹವು ಇನ್ನೊಂದು ದೇಶದ ಕಾನೂನಿನ ದೃಷ್ಟಿಯಲ್ಲಿ ಇನ್ನೂ ಊರ್ಜಿತವಾಗಿರಬಹುದು. ಒಬ್ಬನೇ ವ್ಯಕ್ತಿ ಅಮೆರಿಕದಲ್ಲಿ ಅವಿವಾಹಿತನೂ ಭಾರತದಲ್ಲಿ ವಿವಾಹಿತನೂ ಆಗಿರುವ ಈ ವಿಚಿತ್ರ ಪರಿಸ್ಥಿತಿಯನ್ನು ನ್ಯಾಯಶಾಸ್ತ್ರದಲ್ಲಿ 'ಕುಂಟು ವಿವಾಹ' ಎಂದು ಕರೆಯುವುದುಂಟು.

ಇದು ಕೇವಲ ಪಂಡಿತರ ಚರ್ಚೆಯ ವಿಷಯವಲ್ಲ. ವಿದೇಶೀ ಡಿಕ್ರಿಗೆ ಭಾರತದಲ್ಲಿ ಮಾನ್ಯತೆ ಇಲ್ಲವೆಂದಾದರೆ ಮರುವಿವಾಹವಾದವನು ದ್ವಿವಿವಾಹದ ಅಪರಾಧಕ್ಕೆ ಗುರಿಯಾಗಬಹುದು; ಎರಡನೆಯ ಪತ್ನಿಗೆ ಪತ್ನಿಯ ಸ್ಥಾನವೇ ಇಲ್ಲದಂತಾಗಬಹುದು. ಡಿಕ್ರಿಗೆ ಮಾನ್ಯತೆ ಇದೆಯೆಂದಾದರೆ, ಮೊದಲ ಪತ್ನಿ ಗಂಡನ ಆಸ್ತಿಯಲ್ಲಿ ವಾರಸುದಾರಳಾಗಿ ಪಾಲು ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ಜೀವನಾಂಶ, ಉತ್ತರಾಧಿಕಾರ, ಮರುವಿವಾಹ ಇವೆಲ್ಲವೂ ಈ ಒಂದು ಪ್ರಶ್ನೆಯನ್ನು ಅವಲಂಬಿಸಿವೆ. ಆದುದರಿಂದ ಈ ಸಂಬಂಧದ ಕಾನೂನನ್ನು ಸಾಮಾನ್ಯ ನಾಗರಿಕರೂ ಸ್ಥೂಲವಾಗಿ ಅರಿತಿರುವುದು ಅವಶ್ಯಕ.

ಮೂಲ ನಿಯಮ

ವಿದೇಶೀ ವಿಚ್ಛೇದನಗಳ ಮಾನ್ಯತೆಗಾಗಿಯೇ ರಚಿತವಾದ ಪ್ರತ್ಯೇಕ ಶಾಸನ ಭಾರತದಲ್ಲಿ ಇಲ್ಲ. ಈ ವಿಷಯದಲ್ಲಿ ಹೇಗ್ ನಗರದಲ್ಲಿ 1970ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸೇರಿಲ್ಲ. ಹೀಗಾಗಿ ಎಲ್ಲ ಬಗೆಯ ವಿದೇಶೀ ತೀರ್ಪುಗಳಿಗೂ ಅನ್ವಯಿಸುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಕಲಮೇ ಇಲ್ಲಿಯೂ ಆಧಾರ.

ವಿದೇಶೀ ನ್ಯಾಯಾಲಯವು ಉಭಯ ಪಕ್ಷಗಳ ನಡುವೆ ನೇರವಾಗಿ ತೀರ್ಮಾನಿಸಿದ ವಿಷಯವನ್ನು ಭಾರತದ ನ್ಯಾಯಾಲಯಗಳು ನಿರ್ಣಾಯಕವೆಂದು ಒಪ್ಪತಕ್ಕದ್ದು ಎಂಬುದು ಈ ಕಲಮಿನ ಸಾಮಾನ್ಯ ನಿಯಮ. ಇದಕ್ಕೆ ಆರು ಅಪವಾದಗಳಿವೆ. ಈ ಕೆಳಗಿನ ಸಂದರ್ಭಗಳಲ್ಲಿ ವಿದೇಶೀ ತೀರ್ಪಿಗೆ ಮನ್ನಣೆ ಇಲ್ಲ:

1. ತೀರ್ಪು ನೀಡಿದ ನ್ಯಾಯಾಲಯಕ್ಕೆ ಆ ವಿಷಯವನ್ನು ವಿಚಾರಿಸುವ ಅಧಿಕಾರ ವ್ಯಾಪ್ತಿ ಇಲ್ಲದಿದ್ದಲ್ಲಿ.

2. ಮೊಕದ್ದಮೆಯ ಗುಣಾವಗುಣಗಳನ್ನು ಪರಿಶೀಲಿಸದೆ ತೀರ್ಪು ನೀಡಿದ್ದಲ್ಲಿ.

3. ಅಂತರರಾಷ್ಟ್ರೀಯ ಕಾನೂನನ್ನು ತಪ್ಪಾಗಿ ಗ್ರಹಿಸಿದ್ದು, ಅಥವಾ ಭಾರತದ ಕಾನೂನು ಅನ್ವಯವಾಗುವ ಸಂದರ್ಭದಲ್ಲಿ ಅದನ್ನು ಮಾನ್ಯ ಮಾಡಲು ನಿರಾಕರಿಸಿದ್ದು ಮೇಲ್ನೋಟಕ್ಕೇ ಕಂಡುಬಂದಲ್ಲಿ.

4. ವಿಚಾರಣೆಯು ಸಹಜ ನ್ಯಾಯದ ತತ್ತ್ವಗಳಿಗೆ ವಿರುದ್ಧವಾಗಿ ನಡೆದಿದ್ದಲ್ಲಿ.

5. ವಂಚನೆಯಿಂದ ತೀರ್ಪನ್ನು ಪಡೆದಿದ್ದಲ್ಲಿ.

6. ಭಾರತದಲ್ಲಿ ಜಾರಿಯಲ್ಲಿರುವ ಕಾನೂನಿನ ಉಲ್ಲಂಘನೆಯನ್ನು ಆಧರಿಸಿದ ಹಕ್ಕನ್ನು ತೀರ್ಪು ಎತ್ತಿ ಹಿಡಿದಿದ್ದಲ್ಲಿ.

ಈ ಆರರಲ್ಲಿ ಯಾವುದೊಂದು ದೋಷವಿದ್ದರೂ ಸಾಕು, ಡಿಕ್ರಿ ಭಾರತದಲ್ಲಿ ನಿಲ್ಲುವುದಿಲ್ಲ. ಇದೇ ಸಂಹಿತೆಯ 14ನೆಯ ಕಲಮಿನ ಪ್ರಕಾರ ವಿದೇಶೀ ತೀರ್ಪಿನ ಪ್ರಮಾಣಿತ ಪ್ರತಿಯನ್ನು ಹಾಜರುಪಡಿಸಿದಾಗ, ಅದು ಅಧಿಕಾರವುಳ್ಳ ನ್ಯಾಯಾಲಯದಿಂದಲೇ ಬಂದುದೆಂದು ಮೊದಲಿಗೆ ಭಾವಿಸಬೇಕಾಗುತ್ತದೆ. ಆದರೆ ಆ ಭಾವನೆ ಅಂತಿಮವಲ್ಲ. ಅಧಿಕಾರ ವ್ಯಾಪ್ತಿ ಇರಲಿಲ್ಲವೆಂದು ಎದುರು ಪಕ್ಷವು ಸಾಬೀತುಪಡಿಸಿದರೆ ಅದು ಬಿದ್ದುಹೋಗುತ್ತದೆ.

ನೆವಾಡ ಡಿಕ್ರಿಯ ಪ್ರಕರಣ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾನೂನಿನಲ್ಲಿ 'ಅಧಿವಾಸ'ವೇ ಈ ವಿಷಯದ ಏಕೈಕ ಒರೆಗಲ್ಲಾಗಿತ್ತು. ಅಧಿವಾಸವೆಂದರೆ ಒಬ್ಬ ವ್ಯಕ್ತಿಯು ಖಾಯಂ ಆಗಿ ನೆಲೆಸುವ ಉದ್ದೇಶದಿಂದ ತನ್ನದೆಂದು ಮಾಡಿಕೊಂಡ ದೇಶ. ಕೇವಲ ವಾಸ ಬೇರೆ, ಅಧಿವಾಸ ಬೇರೆ. ಸಿಲೋನಿನಿಂದ ಬಂದ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲ್ 1895ರಲ್ಲಿ, ದಂಪತಿಗಳ ಅಧಿವಾಸವಿರುವ ದೇಶದ ನ್ಯಾಯಾಲಯಕ್ಕೆ ಮಾತ್ರ ವಿವಾಹವನ್ನು ರದ್ದುಗೊಳಿಸುವ ನಿಜವಾದ ಅಧಿಕಾರವಿದೆಯೆಂದು ಹೇಳಿತು. ಪತಿಯ ಅಧಿವಾಸವೇ ಪತ್ನಿಯ ಅಧಿವಾಸ ಎಂಬ ಮತ್ತೊಂದು ನಿಯಮವೂ ಆಗ ಜಾರಿಯಲ್ಲಿತ್ತು. ಈ ಎರಡು ನಿಯಮಗಳು ಸೇರಿದಾಗ, ಊರಿನಿಂದ ಎಂದೂ ಹೊರಗೆ ಕಾಲಿಡದ ಹೆಂಗಸೂ ಪತಿಯು ನೆಲೆಸಿದ ದೂರ ದೇಶದ ನ್ಯಾಯಾಲಯದ ತೀರ್ಪಿಗೆ ಬದ್ಧಳಾಗಬೇಕಾಗುತ್ತಿತ್ತು. ಇಂಗ್ಲೆಂಡೇ 1973ರ ಕಾಯಿದೆಯ ಮೂಲಕ ಪತ್ನಿಗೆ ಸ್ವತಂತ್ರ ಅಧಿವಾಸವನ್ನು ನೀಡಿ ಈ ಅನ್ಯಾಯವನ್ನು ಕೊನೆಗಾಣಿಸಿತು.

ಭಾರತದ ಸರ್ವೋಚ್ಚ ನ್ಯಾಯಾಲಯದ ಮುಂದೆ ಈ ಪ್ರಶ್ನೆಯನ್ನು ತಂದವರು ಪಂಜಾಬಿನ ಒಬ್ಬ ಮಹಿಳೆ. 1955ರಲ್ಲಿ ಜಲಂಧರದಲ್ಲಿ ಹಿಂದೂ ವಿಧಿಯಂತೆ ಅವರ ವಿವಾಹವಾಗಿತ್ತು. ಇಬ್ಬರು ಮಕ್ಕಳೂ ಹುಟ್ಟಿದ್ದರು. ಪತಿ 1959ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ತೆರಳಿದವರು ಹಿಂದಿರುಗಲಿಲ್ಲ. 1964ರಲ್ಲಿ ನೆವಾಡ ರಾಜ್ಯದ ನ್ಯಾಯಾಲಯದಿಂದ ವಿಚ್ಛೇದನ ಪಡೆದರು. ಆ ರಾಜ್ಯದಲ್ಲಿ ಆರು ವಾರಗಳ ಕಾಲ ವಾಸವಿದ್ದರೆ ವಿಚ್ಛೇದನದ ಅರ್ಜಿ ಸಲ್ಲಿಸಲು ಅವಕಾಶವಿತ್ತು. ಪತ್ನಿ ಜೀವನಾಂಶಕ್ಕಾಗಿ ಜಲಂಧರದ ಮ್ಯಾಜಿಸ್ಟ್ರೇಟರ ಮೊರೆಹೊಕ್ಕಾಗ, ಆಕೆ ಈಗ ಪತ್ನಿಯೇ ಅಲ್ಲವೆಂಬುದು ಪತಿಯ ಪ್ರತಿವಾದವಾಗಿತ್ತು. ಪತಿಯ ಅಧಿವಾಸವೇ ಪತ್ನಿಯದೆಂಬ ಹಳೆಯ ನಿಯಮವನ್ನು ಆಧರಿಸಿ ಉಚ್ಚ ನ್ಯಾಯಾಲಯವು ಪತಿಯ ವಾದವನ್ನು ಒಪ್ಪಿತು.

1974ರ ಅಕ್ಟೋಬರ್ 1ರಂದು ಸರ್ವೋಚ್ಚ ನ್ಯಾಯಾಲಯವು ಈ ತೀರ್ಪನ್ನು ತಳ್ಳಿಹಾಕಿತು. ಪೀಠದ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಅವರು, ಪತಿಗೆ ನೆವಾಡದಲ್ಲಿ ನೆಲೆಸುವ ಉದ್ದೇಶ ಇರಲೇ ಇಲ್ಲ, ವಿಚ್ಛೇದನಕ್ಕಾಗಿ ಮಾತ್ರ ಅಲ್ಲಿ ಕೆಲಕಾಲ ತಂಗಿದ್ದರು ಎಂಬುದನ್ನು ಎತ್ತಿ ತೋರಿಸಿದರು. ತಾನು ಆ ರಾಜ್ಯದ ನಿವಾಸಿಯೆಂದು ನ್ಯಾಯಾಲಯಕ್ಕೆ ಸುಳ್ಳು ಹೇಳಿ ಅಧಿಕಾರ ವ್ಯಾಪ್ತಿಯನ್ನು ಸೃಷ್ಟಿಸಿಕೊಂಡದ್ದು ವಂಚನೆಯಾದ್ದರಿಂದ ಡಿಕ್ರಿಗೆ ಭಾರತದಲ್ಲಿ ಬೆಲೆಯಿಲ್ಲ ಎಂದು ತೀರ್ಮಾನವಾಯಿತು. ಪತ್ನಿಯ ಜೀವನಾಂಶದ ಹಕ್ಕು ಉಳಿಯಿತು.

1991ರ ಮಹತ್ವದ ತೀರ್ಪು

ವಂಚನೆ ನಡೆದಾಗ ಡಿಕ್ರಿ ನಿಲ್ಲದೆಂಬುದು ಹೀಗೆ ಸ್ಪಷ್ಟವಾಯಿತು. ವಂಚನೆ ಇಲ್ಲದಿದ್ದಾಗ ಏನು ಮಾಡಬೇಕೆಂಬುದು ಉಳಿದಿತ್ತು. ಇದಕ್ಕೆ ಸಮಗ್ರವಾದ ಉತ್ತರ ದೊರೆತದ್ದು 1991ರ ಜುಲೈ 9ರ ತೀರ್ಪಿನಲ್ಲಿ. ಇಂದಿಗೂ ಈ ವಿಷಯದಲ್ಲಿ ಮಾರ್ಗದರ್ಶಕವಾಗಿರುವುದು ಇದೇ ತೀರ್ಪು.

ಈ ಪ್ರಕರಣದ ದಂಪತಿಗಳು 1975ರಲ್ಲಿ ತಿರುಪತಿಯಲ್ಲಿ ವಿವಾಹವಾಗಿ 1978ರಲ್ಲಿ ಬೇರ್ಪಟ್ಟವರು. ಪತಿಯು ಅಮೆರಿಕದ ಮಿಸೌರಿ ರಾಜ್ಯದ ನ್ಯಾಯಾಲಯದಲ್ಲಿ, ತಾನು ಅಲ್ಲಿ 90 ದಿನಗಳಿಂದ ವಾಸವಾಗಿರುವುದಾಗಿ ಹೇಳಿ ಅರ್ಜಿ ಸಲ್ಲಿಸಿದರು. ಪತ್ನಿಯು ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪದೆ, ಭಾರತದಿಂದಲೇ ಆಕ್ಷೇಪಣೆಯ ಉತ್ತರ ಕಳುಹಿಸಿದರು. ವಿವಾಹವು ಸರಿಪಡಿಸಲಾಗದಷ್ಟು ಮುರಿದುಬಿದ್ದಿದೆ ಎಂಬ ಕಾರಣದ ಮೇಲೆ, ಪತ್ನಿಯ ಗೈರುಹಾಜರಿಯಲ್ಲಿ 1980ರಲ್ಲಿ ಡಿಕ್ರಿ ಹೊರಬಿದ್ದಿತು. ಪತಿ 1981ರಲ್ಲಿ ಭಾರತದಲ್ಲಿ ಮರುವಿವಾಹವಾದಾಗ ಮೊದಲ ಪತ್ನಿ ದ್ವಿವಿವಾಹದ ಫಿರ್ಯಾದು ಹೂಡಿದರು.

ನ್ಯಾಯಮೂರ್ತಿ ಪಿ. ಬಿ. ಸಾವಂತ್ ಅವರು ಬರೆದ ಈ ತೀರ್ಪಿನಲ್ಲಿ 13ನೆಯ ಕಲಮಿನ ಒಂದೊಂದು ಉಪಬಂಧಕ್ಕೂ ವೈವಾಹಿಕ ವ್ಯಾಜ್ಯಗಳ ಸಂದರ್ಭದಲ್ಲಿ ಯಾವ ಅರ್ಥವಿರಬೇಕೆಂಬುದನ್ನು ವಿವರಿಸಲಾಗಿದೆ. ಅದರ ಸಾರಾಂಶ ಹೀಗಿದೆ:

ವಧೂವರರು ಯಾವ ಕಾನೂನಿನ ಅಡಿಯಲ್ಲಿ ವಿವಾಹವಾದರೋ ಆ ಕಾನೂನು ಯಾವ ನ್ಯಾಯಾಲಯಕ್ಕೆ ಅಧಿಕಾರ ನೀಡಿದೆಯೋ ಅದೇ ಅಧಿಕಾರವುಳ್ಳ ನ್ಯಾಯಾಲಯ. ಬೇರಾವ ನ್ಯಾಯಾಲಯಕ್ಕೂ, ಉಭಯ ಪಕ್ಷಗಳು ಸ್ವಇಚ್ಛೆಯಿಂದ ಒಪ್ಪಿದ ಹೊರತು, ಆ ವಿವಾಹದ ಬಗ್ಗೆ ತೀರ್ಪು ನೀಡುವ ಅಧಿಕಾರವಿಲ್ಲ. ಗುಣಾವಗುಣಗಳ ಪರಿಶೀಲನೆ ನಡೆದಿದೆಯೆಂದು ಹೇಳಬೇಕಾದರೆ, ಅದೇ ಕಾನೂನಿನಲ್ಲಿ ಹೇಳಿರುವ ಕಾರಣದ ಮೇಲೆಯೇ ವಿಚ್ಛೇದನ ದೊರೆತಿರಬೇಕು ಮತ್ತು ಉಭಯತರ ವಾದವನ್ನು ಆಲಿಸಿದ ಬಳಿಕ ತೀರ್ಪು ಬಂದಿರಬೇಕು. ಸಹಜ ನ್ಯಾಯವೆಂದರೆ ಸಮನ್ಸ್ ತಲಪಿಸಿದ ಶಾಸ್ತ್ರವಲ್ಲ. ಪ್ರತಿವಾದಿಗೆ ವಿದೇಶದ ನ್ಯಾಯಾಲಯದಲ್ಲಿ ಪರಿಣಾಮಕಾರಿಯಾಗಿ ವಾದಿಸುವ ಸಾಮರ್ಥ್ಯ ಇದೆಯೇ ಎಂಬುದನ್ನು ನೋಡಬೇಕು. ಅಗತ್ಯವಿದ್ದಲ್ಲಿ ಪ್ರಯಾಣ, ವಸತಿ ಹಾಗೂ ವ್ಯಾಜ್ಯದ ವೆಚ್ಚವನ್ನು ಅರ್ಜಿದಾರನಿಂದಲೇ ಕೊಡಿಸಬೇಕು.

ಕೊನೆಯ ಅಂಶ ವಿಶೇಷವಾಗಿ ಗಮನಾರ್ಹ. ಹುಬ್ಬಳ್ಳಿಯಲ್ಲಿಯೋ ಪುಣೆಯಲ್ಲಿಯೋ ತವರುಮನೆಯಲ್ಲಿರುವ ಯುವತಿಯ ಕೈಗೆ ಟೆಕ್ಸಾಸಿನ ನ್ಯಾಯಾಲಯದಿಂದ ಒಂದು ಲಕೋಟೆ ಬಂದು ತಲಪುತ್ತದೆ. ಅಲ್ಲಿಗೆ ಹೋಗಲು ಅವಳಿಗೆ ವೀಸಾ ಇಲ್ಲ. ವಿಮಾನದ ಟಿಕೆಟ್ಟಿಗೆ ಹಣವಿಲ್ಲ. ಅಲ್ಲಿಯ ವಕೀಲರ ಶುಲ್ಕವನ್ನು ಭರಿಸುವ ಶಕ್ತಿಯಂತೂ ಇಲ್ಲವೇ ಇಲ್ಲ. ಲಕೋಟೆ ತಲಪಿದ ಮಾತ್ರಕ್ಕೆ ಅವಳಿಗೆ ಅವಕಾಶ ದೊರೆಯಿತೆಂದು ಹೇಳುವುದು ನ್ಯಾಯವಾಗದು ಎಂಬುದೇ ಈ ತೀರ್ಪಿನ ತಾತ್ಪರ್ಯ.

ಮಿಸೌರಿಯ ಡಿಕ್ರಿಗೆ ಈ ಯಾವ ಪರೀಕ್ಷೆಯನ್ನೂ ದಾಟಲಾಗಲಿಲ್ಲ. ಮ್ಯಾಜಿಸ್ಟ್ರೇಟರು ದ್ವಿವಿವಾಹದ ಫಿರ್ಯಾದನ್ನು ಮುಂದುವರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು.

ಮಾನ್ಯತೆ ದೊರೆಯುವ ಮೂರು ಸಂದರ್ಭಗಳು

ವಿವಾಹ ನಡೆದ ಕಾನೂನು ಹೇಳುವ ನ್ಯಾಯಾಲಯ ಮತ್ತು ಅದೇ ಕಾನೂನು ಹೇಳುವ ಕಾರಣ, ಈ ಎರಡೂ ಇರಬೇಕೆಂಬುದು ಮುಖ್ಯ ನಿಯಮವಾಯಿತು. ಇದಕ್ಕೆ ಅದೇ ತೀರ್ಪು ಮೂರು ವಿನಾಯಿತಿಗಳನ್ನು ಗುರುತಿಸಿದೆ.

ಮೊದಲನೆಯದು, ಪ್ರತಿವಾದಿಯು ಅಧಿವಾಸ ಹೊಂದಿರುವ ಅಥವಾ ಖಾಯಂ ಆಗಿ ವಾಸಿಸುವ ಸ್ಥಳದ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿ, ವಿವಾಹದ ಕಾನೂನಿನಲ್ಲಿ ಲಭ್ಯವಿರುವ ಕಾರಣದ ಮೇಲೆ ವಿಚ್ಛೇದನ ಪಡೆದ ಸಂದರ್ಭ. ಇಲ್ಲಿ ನೋಡಬೇಕಾದದ್ದು ಅರ್ಜಿದಾರನ ವಾಸಸ್ಥಳವನ್ನಲ್ಲ, ಪ್ರತಿವಾದಿಯ ವಾಸಸ್ಥಳವನ್ನು.

ಎರಡನೆಯದು, ಪ್ರತಿವಾದಿಯು ವಿದೇಶೀ ನ್ಯಾಯಾಲಯದ ಅಧಿಕಾರಕ್ಕೆ ಸ್ವಇಚ್ಛೆಯಿಂದ ಒಳಪಟ್ಟು, ವಿವಾಹದ ಕಾನೂನಿನಲ್ಲಿ ಲಭ್ಯವಿರುವ ಕಾರಣವನ್ನು ಆಧರಿಸಿದ ಅರ್ಜಿಯನ್ನು ಎದುರಿಸಿ ವಾದ ಹೂಡಿದ ಸಂದರ್ಭ.

ಮೂರನೆಯದು, ನ್ಯಾಯಾಲಯದ ಅಧಿಕಾರ ವ್ಯಾಪ್ತಿ ವಿವಾಹದ ಕಾನೂನಿಗೆ ಅನುಗುಣವಾಗಿ ಇಲ್ಲದಿದ್ದರೂ ಪ್ರತಿವಾದಿಯು ವಿಚ್ಛೇದನಕ್ಕೆ ಸಮ್ಮತಿಸಿದ ಸಂದರ್ಭ. ದಂಪತಿಗಳಿಬ್ಬರೂ ಒಪ್ಪಿ ವಿದೇಶದಲ್ಲಿ ಪಡೆದ ವಿಚ್ಛೇದನಕ್ಕೆ ಸಾಮಾನ್ಯವಾಗಿ ಇಲ್ಲಿ ತೊಡಕಾಗದಿರುವುದು ಈ ವಿನಾಯಿತಿಯ ಕಾರಣದಿಂದಲೇ. ಆದರೆ ಸಮ್ಮತಿಯು ನಿಜವಾದುದಾಗಿರಬೇಕು. ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣುವಂತಿರಬೇಕು. ಮೌನವನ್ನು ಸಮ್ಮತಿಯೆಂದು ಎಣಿಸಲಾಗದು.

ಕಾರಣಗಳ ವ್ಯತ್ಯಾಸ

ಹೆಚ್ಚಿನ ತೊಡಕು ಉಂಟಾಗುವುದು ವಿಚ್ಛೇದನದ ಕಾರಣಗಳ ವಿಷಯದಲ್ಲಿ. 1955ರ ಹಿಂದೂ ವಿವಾಹ ಕಾಯಿದೆಯ 13ನೆಯ ಕಲಮು ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ತೀವ್ರ ಮನೋವಿಕಲತೆ ಮೊದಲಾದ ನಿರ್ದಿಷ್ಟ ಕಾರಣಗಳನ್ನು ಪಟ್ಟಿ ಮಾಡಿದೆ. ಕುಷ್ಠರೋಗವೂ ಹಿಂದೆ ಒಂದು ಕಾರಣವಾಗಿತ್ತು. 2019ರ ತಿದ್ದುಪಡಿಯಿಂದ ಅದನ್ನು ಕೈಬಿಡಲಾಗಿದೆ. 'ವಿವಾಹ ಸರಿಪಡಿಸಲಾಗದಷ್ಟು ಮುರಿದಿದೆ' ಎಂಬುದು ಈ ಪಟ್ಟಿಯಲ್ಲಿ ಇಲ್ಲ.

ಆದರೆ ಪಾಶ್ಚಾತ್ಯ ರಾಷ್ಟ್ರಗಳಲ್ಲಿ ಇಂದು ಮುಖ್ಯವಾಗಿ ಬಳಕೆಯಲ್ಲಿರುವುದು ಇದೇ ಕಾರಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970ರಿಂದ ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯಬಹುದಾಗಿದೆ. ಆಸ್ಟ್ರೇಲಿಯದಲ್ಲಿ 1975ರ ಕಾಯಿದೆಯ ಪ್ರಕಾರ ಹನ್ನೆರಡು ತಿಂಗಳು ಪ್ರತ್ಯೇಕವಾಗಿ ವಾಸಿಸಿದ್ದರೆ ಸಾಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಏಪ್ರಿಲ್ 6ರಿಂದ, ವಿವಾಹ ಮುರಿದಿದೆಯೆಂಬ ಒಬ್ಬರ ಹೇಳಿಕೆಯೇ ಸಾಕಾಗುತ್ತದೆ. ಮತ್ತೊಬ್ಬರು ಅದನ್ನು ಅಲ್ಲಗಳೆಯಲು ಹೆಚ್ಚಿನ ಅವಕಾಶವಿಲ್ಲ. ಹೀಗಾಗಿ ಅಲ್ಲಿ ಸಂಪೂರ್ಣ ಕ್ರಮಬದ್ಧವಾಗಿ ದೊರೆತ ಡಿಕ್ರಿಯೂ, ಪ್ರತಿವಾದಿಯ ಸಮ್ಮತಿ ಇಲ್ಲದಿದ್ದಲ್ಲಿ, ಭಾರತದಲ್ಲಿ ಪ್ರಶ್ನೆಗೆ ಒಳಗಾಗುತ್ತದೆ.

ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2023ರ ಮೇ 1ರಂದು, ಸಂಪೂರ್ಣವಾಗಿ ಮುರಿದುಬಿದ್ದ ವಿವಾಹವನ್ನು ಸಂವಿಧಾನದ 142ನೆಯ ಅನುಚ್ಛೇದದ ಅಡಿಯಲ್ಲಿ ತಾನು ರದ್ದುಗೊಳಿಸಬಹುದೆಂದು ಹೇಳಿದೆ. ಆದರೆ ಇದು ಸರ್ವೋಚ್ಚ ನ್ಯಾಯಾಲಯಕ್ಕೆ ಮಾತ್ರ ಸೇರಿದ ವಿಶೇಷಾಧಿಕಾರ. ಹಿಂದೂ ವಿವಾಹ ಕಾಯಿದೆಯ ಕಾರಣಗಳ ಪಟ್ಟಿಗೆ ಇದರಿಂದ ಹೊಸದೊಂದು ಸೇರಿದಂತಾಗಿಲ್ಲ.

ಈ ವ್ಯತ್ಯಾಸವನ್ನು ಎರಡು ಕಲ್ಪಿತ ಉದಾಹರಣೆಗಳಿಂದ ಸ್ಪಷ್ಟಪಡಿಸಬಹುದು. ಧಾರವಾಡದಲ್ಲಿ ವಿವಾಹವಾಗಿ ಲಂಡನ್ನಿನಲ್ಲಿ ಸಂಸಾರ ಹೂಡಿದ ದಂಪತಿಗಳಿದ್ದಾರೆನ್ನೋಣ. ಪತ್ನಿ ತವರಿಗೆ ಬಂದಿರುವಾಗ ಪತಿಯು ಲಂಡನ್ನಿನಲ್ಲಿ ಅರ್ಜಿ ಸಲ್ಲಿಸುತ್ತಾನೆ, ಪತ್ನಿ ಹಾಜರಾಗುವುದಿಲ್ಲ, ವಿವಾಹ ಮುರಿದಿದೆಯೆಂಬ ಕಾರಣದ ಮೇಲೆ ಏಕಪಕ್ಷೀಯ ಡಿಕ್ರಿಯಾಗುತ್ತದೆ. ಇದಕ್ಕೆ ಭಾರತದಲ್ಲಿ ಮನ್ನಣೆ ಸಿಗುವ ಸಂಭವವಿಲ್ಲ. ಅದೇ ಪತ್ನಿಯು ಲಂಡನ್ನಿನಲ್ಲಿಯೇ ಇದ್ದು, ತನ್ನ ವಕೀಲರ ಮೂಲಕ ಲಿಖಿತ ಒಪ್ಪಿಗೆ ಸಲ್ಲಿಸಿದ ಮೇಲೆ ಡಿಕ್ರಿಯಾಗಿದ್ದರೆ, ಮೂರನೆಯ ವಿನಾಯಿತಿಯ ಪ್ರಕಾರ ಅದು ಇಲ್ಲಿಯೂ ಊರ್ಜಿತವಾಗುತ್ತದೆ. ಡಿಕ್ರಿ ನೀಡಿದ ನ್ಯಾಯಾಲಯ ಒಂದೇ, ಕಾರಣವೂ ಒಂದೇ. ಒಪ್ಪಿಗೆಯಿಂದಾಗಿ ಫಲ ಬೇರೆಯಾಯಿತು.

ಇತರ ಕಾನೂನುಗಳ ಅಡಿಯಲ್ಲಿ ನಡೆದ ವಿವಾಹಗಳು

ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಕಲಮು ಎಲ್ಲ ಧರ್ಮೀಯರಿಗೂ ಅನ್ವಯಿಸುತ್ತದೆ. ವಿವಾಹವು 1954ರ ವಿಶೇಷ ವಿವಾಹ ಕಾಯಿದೆಯ ಅಡಿಯಲ್ಲಿ ನಡೆದಿದ್ದರೆ ಆ ಕಾಯಿದೆಯ ಕಾರಣಗಳನ್ನೂ, ಕ್ರೈಸ್ತ ವಿವಾಹವಾಗಿದ್ದರೆ 2001ರಲ್ಲಿ ವ್ಯಾಪಕವಾಗಿ ತಿದ್ದುಪಡಿಯಾದ 1869ರ ವಿಚ್ಛೇದನ ಕಾಯಿದೆಯನ್ನೂ, ಪಾರ್ಸಿ ವಿವಾಹವಾಗಿದ್ದರೆ 1936ರ ಕಾಯಿದೆಯನ್ನೂ ನೋಡಬೇಕಾಗುತ್ತದೆ. ವಿದೇಶದಲ್ಲಿನ ಭಾರತೀಯ ವಿವಾಹಾಧಿಕಾರಿಗಳ ಮುಂದೆ 1969ರ ವಿದೇಶೀ ವಿವಾಹ ಕಾಯಿದೆಯಂತೆ ನಡೆದ ವಿವಾಹಗಳಿಗೆ ವಿಶೇಷ ವಿವಾಹ ಕಾಯಿದೆಯ ಪರಿಹಾರಗಳು ದೊರೆಯುತ್ತವೆ.

ನ್ಯಾಯಾಲಯದ ತೀರ್ಪೇ ಇಲ್ಲದ ವಿಚ್ಛೇದನಗಳ ವಿಷಯ ಬೇರೆ. ಒಂದೇ ಉಸಿರಿನಲ್ಲಿ ಹೇಳುವ ತ್ರಿವಳಿ ತಲಾಖ್ ಬಾಯಿಮಾತಿನಲ್ಲಿರಲಿ, ಬರಹದಲ್ಲಿರಲಿ, ವಿದ್ಯುನ್ಮಾನ ಸಂದೇಶದಲ್ಲಿರಲಿ, 2019ರ ಕಾಯಿದೆಯ ಪ್ರಕಾರ ಶೂನ್ಯವೂ ಕಾನೂನುಬಾಹಿರವೂ ಆಗಿದೆ.

ದುಡುಕಿನ ಮರುವಿವಾಹ

ವಿದೇಶೀ ಡಿಕ್ರಿಯ ಬಲವನ್ನು ಪರಿಶೀಲಿಸದೆ ಮರುವಿವಾಹವಾಗುವುದು ಅಪಾಯಕರ. ಮೊದಲ ವಿವಾಹ ಊರ್ಜಿತವಾಗಿರುವಾಗ ಹಿಂದೂ ವ್ಯಕ್ತಿಯು ಮಾಡಿಕೊಂಡ ಎರಡನೆಯ ವಿವಾಹ ಶೂನ್ಯ. ಅಷ್ಟೇ ಅಲ್ಲ, ಅದು ಅಪರಾಧವೂ ಹೌದು. ಹಿಂದೆ ಭಾರತ ದಂಡ ಸಂಹಿತೆಯ 494 ಮತ್ತು 495ನೆಯ ಕಲಮುಗಳಲ್ಲಿದ್ದ ಈ ಅಪರಾಧ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೆಯ ಕಲಮಿನಲ್ಲಿ ಸೇರಿದೆ. ಇದಕ್ಕೆ 7 ವರ್ಷಗಳವರೆಗೆ ಸೆರೆವಾಸ ಹಾಗೂ ಜುಲ್ಮಾನೆ ಉಂಟು. ಮೊದಲ ವಿವಾಹವನ್ನು ಮರೆಮಾಚಿ ಮತ್ತೊಬ್ಬರನ್ನು ವಿವಾಹವಾದರೆ ಸೆರೆವಾಸ 10 ವರ್ಷಗಳವರೆಗೂ ಆಗಬಹುದು.

ಶೂನ್ಯ ವಿವಾಹದಿಂದ ಹುಟ್ಟಿದ ಮಕ್ಕಳಿಗೆ ತಂದೆತಾಯಿಗಳ ತಪ್ಪಿನ ಹೊರೆ ಬೀಳದಂತೆ ಹಿಂದೂ ವಿವಾಹ ಕಾಯಿದೆಯ 16ನೆಯ ಕಲಮು ನೋಡಿಕೊಂಡಿದೆ. ಅವರು ಔರಸ ಮಕ್ಕಳೆಂದೇ ಪರಿಗಣಿತರಾಗುತ್ತಾರೆ. ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಸೆಪ್ಟೆಂಬರ್ 1ರಂದು, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರಬಹುದಾದ ಪಾಲಿನಲ್ಲಿಯೂ ಇಂತಹ ಮಕ್ಕಳಿಗೆ ಹಕ್ಕಿದೆಯೆಂದು ಸ್ಪಷ್ಟಪಡಿಸಿದೆ. ಆದರೆ ಅವರ ತಾಯಿಗೆ ಪತ್ನಿಯ ಉತ್ತರಾಧಿಕಾರದ ಹಕ್ಕು ದೊರೆಯದು. ಆದ್ದರಿಂದ ವಿದೇಶದಲ್ಲಿ ವಿಚ್ಛೇದನ ಪಡೆದ ವರ ಅಥವಾ ವಧುವಿನೊಂದಿಗೆ ಸಂಬಂಧ ಬೆಳೆಸುವ ಮನೆಯವರು, ಡಿಕ್ರಿಯ ಪ್ರಮಾಣಿತ ಪ್ರತಿಯನ್ನು ತರಿಸಿ ಅರ್ಜಿ ಸಲ್ಲಿಸಿದವರು ಯಾರು, ಎದುರು ಪಕ್ಷ ಹಾಜರಾಗಿತ್ತೇ, ಒಪ್ಪಿಗೆ ಇತ್ತೇ, ಕಾರಣ ಯಾವುದು ಎಂಬ ನಾಲ್ಕು ಅಂಶಗಳನ್ನು ವಕೀಲರಿಂದ ಪರಿಶೀಲಿಸುವುದು ಒಳ್ಳೆಯದು.

ಜೀವನಾಂಶ ಹಾಗೂ ಮಕ್ಕಳ ಪಾಲನೆ

ವಿಚ್ಛೇದನದ ಜೊತೆಗೆ ಹಣ ಪಾವತಿಯ ಆದೇಶವೂ ಇದ್ದಲ್ಲಿ ಅದರ ಜಾರಿಗೆ ಬೇರೆ ಕ್ರಮವಿದೆ. ಭಾರತ ಸರ್ಕಾರವು ಪರಸ್ಪರ ಮಾನ್ಯತೆಯ ಪ್ರದೇಶಗಳೆಂದು ಘೋಷಿಸಿರುವ ಬ್ರಿಟನ್, ಸಿಂಗಪುರ ಮೊದಲಾದ ದೇಶಗಳ ಮೇಲ್ಮಟ್ಟದ ನ್ಯಾಯಾಲಯಗಳ ಹಣದ ಡಿಕ್ರಿಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನ ಪ್ರಕಾರ ಇಲ್ಲಿಯ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿಗೆ ತರಬಹುದು. ಸಂಯುಕ್ತ ಅರಬ್ ಎಮಿರೇಟ್ಸ್ 2020ರ ಜನವರಿಯಲ್ಲಿ ಈ ಪಟ್ಟಿಗೆ ಸೇರಿತು. ಅಮೆರಿಕ ಈ ಪಟ್ಟಿಯಲ್ಲಿಲ್ಲ. ಅಲ್ಲಿಯ ಡಿಕ್ರಿಯನ್ನು ಆಧಾರವಾಗಿಟ್ಟುಕೊಂಡು ಮೂರು ವರ್ಷಗಳೊಳಗೆ ಇಲ್ಲಿ ಹೊಸ ದಾವೆ ಹೂಡಬೇಕಾಗುತ್ತದೆ. ಎರಡೂ ಕ್ರಮಗಳಲ್ಲಿ 13ನೆಯ ಕಲಮಿನ ಆಕ್ಷೇಪಣೆಗಳನ್ನು ಎತ್ತಲು ಅವಕಾಶವಿದೆ.

ಮಕ್ಕಳ ಪಾಲನೆಯ ವಿಷಯದಲ್ಲಿ ವಿದೇಶೀ ಆದೇಶವನ್ನು ಭಾರತೀಯ ನ್ಯಾಯಾಲಯವು ಗಮನಕ್ಕೆ ತೆಗೆದುಕೊಳ್ಳುತ್ತದೆಯಾದರೂ ಅಂತಿಮವಾಗಿ ನೋಡುವುದು ಮಗುವಿನ ಹಿತವನ್ನು.

ವಿದೇಶೀ ನ್ಯಾಯಾಲಯದಿಂದ ಸಮನ್ಸ್ ಬಂದಾಗ

ಸಮನ್ಸ್ ಬಂದಾಗ ಅದನ್ನು ಕಡೆಗಣಿಸುವುದೂ, ತಿಳಿಯದೆ ಸಹಿ ಮಾಡುವುದೂ ಸಮನಾಗಿ ಹಾನಿಕರ. ಇಲ್ಲಿ ಮೂರು ಮಾರ್ಗಗಳಿವೆ.

ವಿಚ್ಛೇದನ ತನಗೂ ಬೇಕೆನಿಸಿದಲ್ಲಿ ಜೀವನಾಂಶ, ಸ್ತ್ರೀಧನ, ಮಕ್ಕಳ ಪಾಲನೆ ಇವುಗಳನ್ನು ಇತ್ಯರ್ಥಪಡಿಸಿಕೊಂಡ ಮೇಲೆಯೇ ಒಪ್ಪಿಗೆ ನೀಡಬೇಕು. ಒಮ್ಮೆ ಕೊಟ್ಟ ಒಪ್ಪಿಗೆ ಡಿಕ್ರಿಯನ್ನು ಭಾರತದಲ್ಲಿಯೂ ಗಟ್ಟಿಗೊಳಿಸುತ್ತದೆ.

ಆ ನ್ಯಾಯಾಲಯದ ಅಧಿಕಾರವನ್ನು ಒಪ್ಪಲು ಇಷ್ಟವಿಲ್ಲದಿದ್ದಲ್ಲಿ, ಅದನ್ನು ಸ್ಪಷ್ಟವಾಗಿ ನಮೂದಿಸಿ ಆಕ್ಷೇಪಣೆ ಕಳುಹಿಸಬಹುದು. ಅಧಿಕಾರ ವ್ಯಾಪ್ತಿಯನ್ನು ಪ್ರಶ್ನಿಸಲು ಮಾತ್ರ ಹಾಜರಾಗುವುದರಿಂದ ಅಥವಾ ಪ್ರತಿಭಟನೆಯೊಂದಿಗೆ ಉತ್ತರ ಸಲ್ಲಿಸುವುದರಿಂದ ಆ ನ್ಯಾಯಾಲಯಕ್ಕೆ ಅಧೀನರಾದಂತೆ ಆಗುವುದಿಲ್ಲವೆಂದು 1991ರ ತೀರ್ಪು ಹೇಳಿದೆ. ಪ್ರಯಾಣ ಹಾಗೂ ವ್ಯಾಜ್ಯದ ವೆಚ್ಚವನ್ನು ಅರ್ಜಿದಾರನು ಭರಿಸಬೇಕೆಂದೂ ಅದೇ ಉತ್ತರದಲ್ಲಿ ಕೇಳುವುದು ಸೂಕ್ತ.

ಇದರೊಂದಿಗೆ ಭಾರತದಲ್ಲಿ ಕ್ರಮ ಕೈಗೊಳ್ಳುವ ಮಾರ್ಗವೂ ತೆರೆದಿದೆ. ಹಿಂದೂ ವಿವಾಹ ಕಾಯಿದೆಯ 19ನೆಯ ಕಲಮಿಗೆ 2003ರಲ್ಲಿ ಆದ ತಿದ್ದುಪಡಿಯಿಂದಾಗಿ ಪತ್ನಿಯು ತಾನು ವಾಸಿಸುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದು. ಮುಂಬಯಿ, ಚೆನ್ನೈ ಅಥವಾ ಹೈದರಾಬಾದಿನಲ್ಲಿ ನೆಲೆಸಿರುವ ಮಹಿಳೆಯು ವಿವಾಹ ನಡೆದ ಊರಿಗೆ ಅಲೆಯಬೇಕಾಗಿಲ್ಲ. ಜೀವನಾಂಶಕ್ಕಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು ಮತ್ತು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ನೆರವಿಗೆ ಬರುತ್ತವೆ.

ಮಹಿಳೆಯರಿಗೆ ಅವರ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ನೀಡಿದೆ. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯನ್ನು ಇದಕ್ಕಾಗಿ ಸಂಪರ್ಕಿಸಬಹುದು. ಅನಿವಾಸಿ ಭಾರತೀಯ ಪತಿಯಿಂದ ಪರಿತ್ಯಕ್ತರಾದ ಮಹಿಳೆಯರ ದೂರುಗಳಿಗಾಗಿ ದೆಹಲಿಯ ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಪ್ರತ್ಯೇಕ ಘಟಕವಿದೆ. ವಿದೇಶದಲ್ಲಿಯೇ ಸಂಕಷ್ಟಕ್ಕೆ ಸಿಲುಕಿದವರು ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ನೆರವನ್ನು ಕೋರಬಹುದು.

ಡಿಕ್ರಿ ಪಡೆದವರು ಮಾಡಬೇಕಾದದ್ದು

ಕ್ರಮಬದ್ಧವಾದ ವಿದೇಶೀ ವಿಚ್ಛೇದನವನ್ನು ಭಾರತದಲ್ಲಿ ಮತ್ತೊಮ್ಮೆ ನೋಂದಾಯಿಸುವ ವ್ಯವಸ್ಥೆಯಾಗಲಿ ಕಡ್ಡಾಯವಾಗಲಿ ಇಲ್ಲ. ಮುಂದೆ ಸಂದೇಹ ಏಳಬಾರದೆಂದು ಬಯಸುವವರು, 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 7ನೆಯ ಕಲಮಿನಂತೆ ತಮ್ಮ ವೈವಾಹಿಕ ಸ್ಥಿತಿಯ ಬಗ್ಗೆ ಘೋಷಣೆಯನ್ನು ಕೋರಬಹುದು. ಏಕಪಕ್ಷೀಯ ಡಿಕ್ರಿಯಿಂದ ನೊಂದವರೂ ತಮ್ಮ ವಿವಾಹ ಇನ್ನೂ ಊರ್ಜಿತವಾಗಿದೆಯೆಂಬ ಘೋಷಣೆಯನ್ನು ಇದೇ ಕಲಮಿನ ಅಡಿಯಲ್ಲಿ ಪಡೆಯಬಹುದು.

ದಾಖಲೆಗಳ ವಿಷಯದಲ್ಲಿ ಎಚ್ಚರ ಅಗತ್ಯ. ಮಿಸೌರಿ ಪ್ರಕರಣದಲ್ಲಿ ಡಿಕ್ರಿಯ ನೆರಳಚ್ಚು ಪ್ರತಿಯನ್ನು ಹಾಜರುಪಡಿಸಲಾಗಿತ್ತು. ಆ ದೇಶದಲ್ಲಿರುವ ಭಾರತ ಸರ್ಕಾರದ ಪ್ರತಿನಿಧಿಯ ದೃಢೀಕರಣ ಇಲ್ಲದಿದ್ದುದರಿಂದ ಅದು ಸಾಕ್ಷ್ಯವಾಗಿ ಸ್ವೀಕಾರಾರ್ಹವಾಗಲಿಲ್ಲ. ಸಾಕ್ಷ್ಯ ಅಧಿನಿಯಮದ ಬದಲಿಗೆ 2024ರ ಜುಲೈನಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದ್ದರೂ ವಿದೇಶೀ ನ್ಯಾಯಾಲಯದ ದಾಖಲೆಗಳ ದೃಢೀಕರಣದ ಉಪಬಂಧ ಮುಂದುವರಿದಿದೆ. ಡಿಕ್ರಿಯ ಜೊತೆಗೆ ಎದುರು ಪಕ್ಷದ ಒಪ್ಪಿಗೆ ಪತ್ರ, ವಕಾಲತ್ತು ಹಾಗೂ ವಿಚಾರಣೆಯ ನಡವಳಿಯ ಪ್ರತಿಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಇಬ್ಬರಿಗೂ ಬೇರ್ಪಡುವ ಇಚ್ಛೆ ಇದ್ದಲ್ಲಿ, ಹಿಂದೂ ವಿವಾಹ ಕಾಯಿದೆಯ 13ಬಿ ಕಲಮಿನಂತೆ ಭಾರತದಲ್ಲಿಯೇ ಪರಸ್ಪರ ಸಮ್ಮತಿಯ ವಿಚ್ಛೇದನ ಪಡೆಯುವುದು ಸುರಕ್ಷಿತ ಮಾರ್ಗ. ಇದಕ್ಕೆ ಒಂದು ವರ್ಷ ಪ್ರತ್ಯೇಕವಾಗಿ ವಾಸಿಸಿರಬೇಕು. ಅರ್ಜಿ ಸಲ್ಲಿಸಿದ ನಂತರದ ಆರು ತಿಂಗಳ ನಿರೀಕ್ಷಣಾ ಅವಧಿಯನ್ನು ಸೂಕ್ತ ಸಂದರ್ಭಗಳಲ್ಲಿ ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2017ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ವೀಡಿಯೋ ಕಾನ್ಫರೆನ್ಸ್ ಮೂಲಕ ಹೇಳಿಕೆ ಪಡೆಯಲೂ, ತಂದೆತಾಯಿ ಅಥವಾ ಒಡಹುಟ್ಟಿದವರ ಮೂಲಕ ಪ್ರತಿನಿಧಿಸಲೂ ಅದೇ ತೀರ್ಪು ಅನುವು ಮಾಡಿಕೊಟ್ಟಿದೆ.

ಶಾಸನದ ನಿರೀಕ್ಷೆ

ಈ ಕ್ಷೇತ್ರದ ಕಾನೂನು ಬಹುಮಟ್ಟಿಗೆ ನ್ಯಾಯಾಲಯಗಳ ತೀರ್ಪುಗಳಿಂದಲೇ ರೂಪುಗೊಂಡಿದೆ. ವಿದೇಶೀ ವಿಚ್ಛೇದನಗಳ ಮಾನ್ಯತೆಗೆ ಪ್ರತ್ಯೇಕ ಶಾಸನ ಬೇಕೆಂದು ಕಾನೂನು ಆಯೋಗವು 1976ರಷ್ಟು ಹಿಂದೆಯೇ ತನ್ನ 65ನೆಯ ವರದಿಯಲ್ಲಿ ಶಿಫಾರಸು ಮಾಡಿತ್ತು. ಭಾರತದಲ್ಲಿ ನಡೆದ ಅನಿವಾಸಿ ಭಾರತೀಯರ ವಿವಾಹವನ್ನು ವಿದೇಶೀ ನ್ಯಾಯಾಲಯ ರದ್ದುಗೊಳಿಸದಂತೆ ಮತ್ತು ಪತ್ನಿಗೆ ಪತಿಯ ಆಸ್ತಿಯಿಂದ ಸೂಕ್ತ ಜೀವನಾಂಶ ದೊರೆಯುವಂತೆ ಶಾಸನ ರಚಿಸುವ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಸಲಹೆ ನೀಡಿತು. ಅನಿವಾಸಿ ಭಾರತೀಯರ ವಿವಾಹ ನೋಂದಣಿಯ ಮಸೂದೆಯೊಂದು 2019ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾಯಿತಾದರೂ ಕಾಯಿದೆಯಾಗಲಿಲ್ಲ. 2024ರಲ್ಲಿ ಕಾನೂನು ಆಯೋಗದ 287ನೆಯ ವರದಿಯು ಈ ವಿಷಯದಲ್ಲಿ ಸಮಗ್ರ ಕಾನೂನಿನ ಅಗತ್ಯವನ್ನು ಮತ್ತೆ ಪ್ರತಿಪಾದಿಸಿದೆ.

ಶಾಸನ ಬರುವವರೆಗೆ ನಾಗರಿಕರು ನೆನಪಿನಲ್ಲಿಡಬೇಕಾದದ್ದು ಇಷ್ಟು: ವಿದೇಶೀ ವಿಚ್ಛೇದನವೆಲ್ಲವೂ ಅಮಾನ್ಯವಲ್ಲ, ಎಲ್ಲವೂ ಮಾನ್ಯವೂ ಅಲ್ಲ. ಅಧಿಕಾರವುಳ್ಳ ನ್ಯಾಯಾಲಯ, ವಿವಾಹದ ಕಾನೂನಿಗೆ ಹೊಂದುವ ಕಾರಣ, ಎದುರು ಪಕ್ಷಕ್ಕೆ ನಿಜವಾದ ಅವಕಾಶ ಅಥವಾ ಅದರ ಮನಃಪೂರ್ವಕ ಸಮ್ಮತಿ, ಇವುಗಳನ್ನು ನೋಡಿಯೇ ಡಿಕ್ರಿಯ ಬೆಲೆಯನ್ನು ನಿರ್ಧರಿಸಬೇಕು. ಮರುವಿವಾಹಕ್ಕೆ ಮೊದಲು, ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ಕಾನೂನು ತಜ್ಞರ ಸಲಹೆ ಪಡೆದಲ್ಲಿ ಮುಂದಿನ ಅನೇಕ ವರ್ಷಗಳ ವ್ಯಾಜ್ಯವನ್ನೂ ಮನಃಕ್ಲೇಶವನ್ನೂ ತಪ್ಪಿಸಿಕೊಳ್ಳಬಹುದು.